ಹನ್ನೊಂದು ಜನಕ್ಕೆ ಒಂದೇ ನಂಬರು

...ಆದರೆ ಆ ನೋಟ್‌ಬುಕ್ಕಿಗೆ ಹಸಿರು ರಟ್ಟು ಇತ್ತೆಂದು ಎಷ್ಟು ಸಲ ಹೇಳಿದ್ದೇನೆಂದರೆ, ಅದು ನಾನು ಕಂಡ ಬಣ್ಣವೋ ಹೇಳಿ ಹೇಳಿ ಹತ್ತಿಸಿದ ಬಣ್ಣವೋ ಈಗ ತಿಳಿಯುವುದಿಲ್ಲ. ನೀಲಿಯೂ ಇದ್ದಿರಬಹುದು. ದುಬೈಯಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಅಲ್ ಐನ್ ಊರಿನ ಒಂದು ಖಾಸಗಿ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇತ್ತು. ಅದರ ಜಾಗದಲ್ಲಿ ನಮ್ಮ ಸಾಫ್ಟ್‌ವೇರ್ ಕೂರಿಸಲು ನಾನು ಹೋಗಿದ್ದೆ. ಇಷ್ಟು ಖಚಿತ.

ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ದುಬೈ ಆಫೀಸು ಎಂದರೆ ಬಾಡಿಗೆಯ ಎರಡು ಮೇಜು, ನಾನು, ಗೋಡೆಯ ಮೇಲೆ ಲೈಸೆನ್ಸು. ಆ ಲೈಸೆನ್ಸ್ ಬಂದ ವೇಗವನ್ನು ಊರಿನಲ್ಲಿ ಯಾರೂ ನಂಬಲಿಲ್ಲ. ಗಿರಾಕಿ ಮಾತ್ರ ಹಾಗೆ ಬರಲಿಲ್ಲ. ಹೋದಲ್ಲೆಲ್ಲ ಖರ್ಜೂರ, ಏಲಕ್ಕಿ ಹಾಕಿದ ಕಾಫಿ, ನಗು, ಆಮೇಲೆ ಮೌನ. ಕೊನೆಗೆ ಈ ಕ್ಲಿನಿಕ್ಕು ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿತು. ಪ್ರಯೋಗ ಸೋತರೆ ಆಫೀಸಿಗೆ ಬೀಗ, ನನ್ನ ವೀಸಾ ಕ್ಯಾನ್ಸಲ್. ಬಾಸ್ ಇದನ್ನು ಮೃದುವಾಗಿಯೇ ಹೇಳಿದ್ದರು.

ನಮ್ಮ ಹೆಮ್ಮೆ ಒಂದೇ: ಫೈಲು ಬೇಡ, ಚೀಟಿ ಬೇಡ, ಫೋನ್ ನಂಬರ್ ಹೊಡೆದರೆ ರೋಗಿಯ ಪೂರ್ತಿ ವಿವರ. ಒಂದು ನಂಬರು, ಒಬ್ಬ ಮನುಷ್ಯ.

ಮೊದಲ ದಿನವೋ ಎರಡನೆಯ ದಿನವೋ, ಡ್ರೈವರ್ ಒಬ್ಬ ವೃದ್ಧೆಯೊಬ್ಬರನ್ನು ಕರೆತಂದ. ಹಳೆಯ ರೋಗಿಗಳ ವಿವರವನ್ನು ಆಗಲೇ ತುಂಬಿಸಿಟ್ಟಿದ್ದೆವು; ಅವರು ಕೊಟ್ಟ ನಂಬರ್ ಹೊಡೆದೆ. ಪರದೆಯ ಮೇಲೆ ಬಂತು: ವಯಸ್ಸು ನಾಲ್ಕು, ಹಾಲುಹಲ್ಲಿನ ತಪಾಸಣೆ.

ಪಕ್ಕದಲ್ಲಿದ್ದ ರಿಸೆಪ್ಷನಿಸ್ಟ್ ಬಗ್ಗಿ ನೋಡಿದರು. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಮನೆಗೆ ಫೋನು ಮಾಡಿದರೆ ಕೊಂಕಣಿ, ನರ್ಸುಗಳ ಜೊತೆ ಮಲಯಾಳಂ, ಬಂದವರ ಜೊತೆ ಅರಬ್ಬಿ, ನನ್ನ ಜೊತೆ ಕನ್ನಡ.

"ಎಂತ ಮಾರಾಯ್ರೆ, ನಿಮ್ಮ ಕಂಪ್ಯೂಟರು ಅಜ್ಜಿಗೆ ಹಾಲುಹಲ್ಲು ಬರಿಸಿತಲ್ಲ!"

"ನಂಬರ್ ಇವರದೇ ಅಲ್ವಾ ಮೇಡಂ?"

"ಎಂತ ಇವರದ್ದು! ಅದು ಡ್ರೈವರದ್ದು. ಆ ಮನೆಯ ಹನ್ನೊಂದು ಜನಕ್ಕೂ ಅದೇ ನಂಬರು. ನಾಳೆ ಹತ್ತು ಗಂಟೆಗೆ ಡಾಕ್ಟರು ಅಂತ ಗೊತ್ತಾಗಬೇಕಾದ್ದು ಗಾಡಿ ಬಿಡುವವನಿಗೆ ಅಲ್ವಾ?"

ನಾನು ಏನೋ ವಿವರಿಸಲು ಹೊರಟೆ. ಅವರು ಕೈ ಅಡ್ಡ ಹಿಡಿದರು. "ನೀವು ಮೈಸೂರಾ? ಇಷ್ಟು ನಿಧಾನ ಮಾತಾಡಿದ್ರೆ ಇಲ್ಲಿ ರೋಗಿ ಗುಣ ಆಗಿ ಮನೆಗೆ ಹೋಗ್ತಾನೆ."

ಸಂಜೆ ಬಾಸ್‌ಗೆ ಫೋನ್ ಮಾಡಿದೆ. "ಅವರವರ ಸ್ವಂತ ನಂಬರ್ ಕೊಡೋಕೆ ಹೇಳಮ್ಮ. ಸ್ವಲ್ಪ ಟ್ರೇನ್ ಮಾಡು," ಎಂದರು.

"ನಾಲ್ಕು ವರ್ಷದ ಮಗೂನೂ ಟ್ರೇನ್ ಮಾಡ್ಲಾ ಸಾರ್?"

ಬಾಸ್ ನಗಲಿಲ್ಲ. ನಗುವ ಹಕ್ಕು ನನಗೂ ಇರಲಿಲ್ಲ. ಮೈಸೂರಿನ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಹೊರಟಿತು ಎಂಬ ಸಂದೇಶ ಈಗಲೂ ದುಬೈಯಲ್ಲಿರುವ ನನ್ನ ಫೋನಿಗೇ ಬರುತ್ತದೆ. ಇಡೀ ಮನೆಗೆ ಒಂದೇ ನಂಬರ್ ಕೊಟ್ಟು ಬೆಳೆದ ನಾವೇ, ಆಫೀಸಿನಲ್ಲಿ ಕೂತಾಗ ಅದನ್ನು ಮರೆತಿದ್ದೆವು.

ಮರುದಿನ ರಿಸೆಪ್ಷನಿಸ್ಟ್ ತಾವಾಗಿಯೇ ನೋಟ್‌ಬುಕ್ ತೆರೆದರು. ಯಾವ ಮನೆಯ ಡ್ರೈವರಿಗೆ ಯಾವ ದಿನ ರಜೆ, ಯಾವ ಮಕ್ಕಳು ಆಯಾ ಜೊತೆ ಬರುತ್ತಾರೆ, ಯಾವ ಅಜ್ಜಿ ಗಂಡಸು ಡಾಕ್ಟರನ್ನು ಒಪ್ಪುವುದಿಲ್ಲ, ಎಲ್ಲ ಅದರಲ್ಲಿತ್ತು. ಹದಿನಾರು ವರ್ಷ ಅವರು ಕಣ್ಣಿಟ್ಟು ನೋಡಿದ್ದು. ನಾವು ಆ ಊರನ್ನು ನೋಡಿಯೇ ಇರಲಿಲ್ಲ.

"ಬರ್ಕೊಳ್ಳಿ," ಎಂದರು. ಮೂರು ಮಧ್ಯಾಹ್ನ ಬರೆದುಕೊಂಡೆ. ನಾಲ್ಕೂ ಇರಬಹುದು. ರೋಗಿಯನ್ನು ಇನ್ನು ಗುರುತಿನ ಚೀಟಿಯ ನಂಬರಿನಿಂದ ಹುಡುಕುವುದು, ಫೋನಿನ ಪಕ್ಕದಲ್ಲಿ ಹೊಸ ಪ್ರಶ್ನೆಯೊಂದನ್ನು ಸೇರಿಸುವುದು ಎಂದಾಯಿತು: ಇದು ಯಾರ ಫೋನು? ಬೆಂಗಳೂರಿನವರು ಎರಡು ಮೂರು ವಾರ ಎಳೆದಾಡಿ ಕೊನೆಗೆ ಒಪ್ಪಿದರು. ಆದರೆ ತಿದ್ದಲು ಮೂರು ವಾರ ಬೇಕು, ಉಳಿದದ್ದು ನಾಲ್ಕು ದಿನ.

ಮ್ಯಾನೇಜರ್ ಕರೆಸಿದರು. ಅಲ್ಲಿಯದೇ ಮನುಷ್ಯ, ಕಾಲ್ಮುಟ್ಟುವ ಬಿಳಿ ನಿಲುವಂಗಿ ಕಂದೂರ, ತಗ್ಗಿದ ದನಿ. ನಾನು ಆಗಲೇ ಮನಸ್ಸಿನಲ್ಲಿ ಸೂಟ್‌ಕೇಸ್ ಕಟ್ಟಿದ್ದೆ. ಕಾಫಿ ಬಗ್ಗಿಸಿದರು. ನಮ್ಮ ತಪ್ಪುಗಳ ಪಟ್ಟಿ ಅವರ ಎದುರಿಗೇ ಇತ್ತು, ಒಂದನ್ನೂ ಓದಿ ಹೇಳಲಿಲ್ಲ. ಆ ಸೌಜನ್ಯವನ್ನು ನಾನು ಮರೆತಿಲ್ಲ. ಅಷ್ಟರಲ್ಲಿ ರಿಸೆಪ್ಷನಿಸ್ಟ್ ಯಾವುದೋ ಸಹಿಗೆ ಬಂದರು, ಅಥವಾ ಸಹಿಯ ನೆಪದಲ್ಲಿ ಬಂದರು. ಬಾಗಿಲಲ್ಲೇ ನಿಂತು ಅರಬ್ಬಿಯಲ್ಲಿ ಅರ್ಧ ನಿಮಿಷ ಏನೋ ಹೇಳಿದರು. ಮ್ಯಾನೇಜರ್ ನನ್ನತ್ತ ನೋಡಿದರು, ನಕ್ಕರು. "ಇನ್ನೊಂದು ತಿಂಗಳು. ಯಲ್ಲಾ, ನಡೀರಿ, ಕೆಲಸ ಮಾಡಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಹೊರಗೆ ಬಂದು ಕೇಳಿದೆ: "ಅವರಿಗೆ ಏನು ಹೇಳಿದ್ರಿ ಅಕ್ಕಾ?" ಮೇಡಂ ಎನ್ನುವುದು ಅಷ್ಟರಲ್ಲಿ ಬಿಟ್ಟುಹೋಗಿತ್ತು.

"ಎಂತ ಇಲ್ಲ. ನಿಮ್ಮ ಬಸ್ಸಿಗೆ ಹೊತ್ತಾಯ್ತು, ಹೋಗಿ."

ಆ ಕ್ಲಿನಿಕ್ಕಿನಲ್ಲಿ ನಮ್ಮ ಸಾಫ್ಟ್‌ವೇರ್ ಈಗಲೂ ಓಡುತ್ತಿದೆ. ದುಬೈ ಆಫೀಸಿನಲ್ಲಿ ಆರು ಮೇಜುಗಳಿವೆ. ಹೊಸದಾಗಿ ಬಂದವರಿಗೆ ಇದನ್ನು ಹೇಳುವಾಗ ಪ್ರತಿ ಸಲ ಅಕ್ಕನ ಬಾಯಿಗೆ ಒಂದೊಂದು ಮಾತು ಹಾಕಿದ್ದೇನೆ. ಒಮ್ಮೆ "ನಾವು ಹೇಳಿದ್ದನ್ನು ಇವರು ಕೇಳುತ್ತಾರೆ" ಎಂದು, ಒಮ್ಮೆ "ಈ ಹುಡುಗಿಯ ವೀಸಾ ಹೋಗುತ್ತದೆ" ಎಂದು. ಎಲ್ಲ ನನ್ನ ಸೃಷ್ಟಿ. ಆಮೇಲೆ ಸ್ವಲ್ಪ ಅರಬ್ಬಿ ಕಲಿತೆ, ಆದರೆ ಅರ್ಥವಾಗದ ಮಾತಿನ ಸದ್ದು ಕೂಡ ನೆನಪಿನಲ್ಲಿ ಉಳಿದಿಲ್ಲ.

ಆ ಅರ್ಧ ನಿಮಿಷದಲ್ಲಿ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ.