ಮೂವತ್ತು ಕಾಜಾ

ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಅಕ್ಕ ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ. ತಮ್ಮ ಕೋಟುಗಳಿಗೆ ಕಾಜಾ ಹಾಕುತ್ತಾನೆ. ಗುಂಡಿ ತೂರುವ ಆ ಸೀಳಿನ ಸುತ್ತ ಸೂಜಿಯಲ್ಲಿ ಒಂದೊಂದೇ ಎಳೆ ಕಟ್ಟುವ ಕೆಲಸ. ಬೀದಿಯವರು ಅವನನ್ನು ಕಾಜಾ ಮಾಸ್ತರ್ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಇನ್ನೊಂದು ಹೆಸರೂ ಇಟ್ಟಿದ್ದಾರೆ. ಅದನ್ನು ಇಲ್ಲಿ ಬರೆದು ಅವರನ್ನು ಖುಷಿಪಡಿಸುವ ಅಗತ್ಯವಿಲ್ಲ.

ಎರಡು ವರ್ಷದ ಹಿಂದೆ ಅವನ ಕಿವಿಗೆ ಒಂದು ದನಿ ಬೀಳತೊಡಗಿತು. ಗಿರಾಕಿಗಳು ಬಟ್ಟೆಯ ಮಡಿಕೆಯಲ್ಲಿ ತಂತಿ ಅಡಗಿಸಿ ಕಳಿಸುತ್ತಿದ್ದಾರೆ ಎಂದಿತು. ಒಂದು ಬೆಳಿಗ್ಗೆ ಅಕ್ಕ ಎದ್ದು ಬಂದಾಗ ಹನ್ನೊಂದು ಕೋಟುಗಳ ಹೊಲಿಗೆ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ದೊಡ್ಡಾಸ್ಪತ್ರೆಯ ಮನೋವೈದ್ಯೆ ನಾಲ್ಕು ಸಲ ಕರೆಸಿ ಮಾತಾಡಿಸಿ, ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಬರೆದರು. ಕಾಯಿಲೆಗೊಂದು ಹೆಸರು ಸಿಕ್ಕಿತಲ್ಲ ಎಂದು ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಮ್ಮ ಒಪ್ಪಬೇಕಲ್ಲ. ಡಾಕ್ಟರ ಹತ್ತಿರ ಎಷ್ಟು ಬೇಕಾದರೂ ಮಾತಾಡುತ್ತೇನೆ, ಮಾತ್ರೆ ಮಾತ್ರ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದ.

ದಾರಿ ತೋರಿಸಿದವನು ಔಷಧಿ ಅಂಗಡಿಯವನು. ಪುಡಿ ಮಾಡಿ ಟೀಗೆ ಹಾಕಿಬಿಡಿ, ಎಷ್ಟೋ ಮನೆಯಲ್ಲಿ ನಡೆಯುವುದೇ ಇದು ಎಂದ. ಚಿಲ್ಲರೆ ಕೊಟ್ಟಷ್ಟು ಸಲೀಸಾಗಿ ಸಲಹೆ ಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ. ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮರೆ ಮಾಡಿಕೊಂಡು, ಚಮಚದ ಬೆನ್ನಲ್ಲಿ ಮಾತ್ರೆ ಅರೆಯುವ ಕರ್ಮ ಅಕ್ಕನ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಮೊದಲು ಒಬ್ಬಳೇ ಒಳಹೋಗಿ, ತಪ್ಪದೆ ತೆಗೆದುಕೊಳ್ಳುತ್ತಿದ್ದಾನೆ, ಅವನೆದುರು ಅದರ ಸುದ್ದಿ ಎತ್ತಬೇಡಿ, ರೇಗುತ್ತಾನೆ ಎಂದು ಹೇಳಿ ಬರುತ್ತಿದ್ದಳು. ಹೇಗೆ ತೆಗೆದುಕೊಳ್ಳುತ್ತಾನೆ ಎಂದು ಯಾರೂ ಕೇಳಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಕೇಳಲು ಪುರಸೊತ್ತಾದರೂ ಎಲ್ಲಿಯದು?

ಮಾತ್ರೆ ಕೆಲಸ ಮಾಡಿತು. ದನಿ ಅಡಗಿತು. ಆದರೆ ಅವನ ಕೈ ನಡುಗತೊಡಗಿತು. ಆಸ್ಪತ್ರೆಯಲ್ಲಿ ಆ ಕೈಯನ್ನು ಜೇಬಿನಲ್ಲಿಟ್ಟು ಕೂರುತ್ತಿದ್ದ. ಕೈಯೇ ಬದುಕಾದವನಿಗೆ ಅದನ್ನು ತೋರಿಸಲು ನಾಚಿಕೆ. ಮನೆಯಲ್ಲಿ ಒಂದು ದಿನ ಲೋಟ ದಿಟ್ಟಿಸಿ ನೋಡಿ, ಇದರಲ್ಲಿ ಏನೋ ಬೆರೆಸ್ತಿದೀಯಾ ಅಲ್ವಾ ಎಂದ. ಅದೆಲ್ಲ ನಿನ್ನ ಭ್ರಮೆ ಕಣೋ ಎಂದಳು ಅಕ್ಕ. ಟೀಗೆ ಏನೋ ಬೆರೆಸುತ್ತಾಳೆ ಎಂದು ಅವನು ವೈದ್ಯೆಗೂ ಹೇಳಿದ. ಅವರು ಕಡತದಲ್ಲಿ ಬರೆದುಕೊಂಡರು: ತಿನ್ನುವುದರಲ್ಲಿ ಕುಡಿಯುವುದರಲ್ಲಿ ವಿಷವಿದೆ ಎಂಬ ಸಂಶಯ. ಮಾತ್ರೆ ಜಾಸ್ತಿ ಮಾಡಿದರು. ಮುಂದಿನ ತಿಂಗಳೂ ಅದೇ ದೂರು, ಇನ್ನಷ್ಟು ಮಾತ್ರೆ. ಮನುಷ್ಯ ನಿಜ ಹೇಳಿದಷ್ಟೂ ಅವನಿಗೆ ಶಿಕ್ಷೆ ಹೆಚ್ಚಾಗುತ್ತಿತ್ತು. ಅದನ್ನು ಬಲ್ಲ ಒಬ್ಬಳೇ ಒಬ್ಬಳು ಪಕ್ಕದ ಕುರ್ಚಿಯಲ್ಲಿ ತುಟಿ ಹೊಲಿದುಕೊಂಡು ಕೂತಿದ್ದಳು.

ಅದರ ಮುಂದಿನ ಸಲ ತಮ್ಮ ಜೇಬಿನಿಂದ ಉದ್ದನೆಯ ಬಟ್ಟೆಪಟ್ಟಿ ತೆಗೆದು ಮೇಜಿನ ಮೇಲೆ ಹಾಸಿದ. ಮೂವತ್ತು ಕಾಜಾ, ದಿನಕ್ಕೊಂದು.

"ಈ ಹದಿನೈದು ಮನೆ ಟೀ ಕುಡಿದಾಗ ಹಾಕಿದ್ದು ಮೇಡಂ. ಆಮೇಲೆ ಮನೇದನ್ನ ಬಚ್ಚಲಿಗೆ ಸುರಿದು ಹೊರಗಡೆ ಕುಡಿದೆ. ಈ ಕಡೆ ಬರ್ತಾ ಬರ್ತಾ ಹೆಂಗೆ ನೆಟ್ಟಗಾಗಿದೆ ನೋಡಿ. ಆದ್ರೆ ಆ ದನಿ ಮತ್ತೆ ಶುರುವಾಗಿದೆ. ಅದನ್ನೂ ಬರ್ಕೊಳ್ಳಿ, ನಾನು ಮುಚ್ಚಿಡಲ್ಲ."

ವೈದ್ಯೆ ಪಟ್ಟಿಯನ್ನು ನೋಡಿದರು, ಅವನನ್ನು ನೋಡಿದರು. ಅಕ್ಕನತ್ತ ತಿರುಗಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಸಂಶಯ ಬಲಿಯುತ್ತಿದೆ, ಕೆಲವು ವಾರ ಒಳರೋಗಿಯಾಗಿ ಇಲ್ಲೇ ಇರಲಿ ಎಂದರು. ಆ ವಾರ್ಡಿಗೆ ಹೊರಗಿನಿಂದ ಚಿಲಕ. ಸಮ್ಮತಿಯ ಕಾಗದ ಅಕ್ಕನ ಮುಂದೆ ಬಂತು, ಪೆನ್ನೂ ಬಂತು. ಹೇಳಿದರೆ ತಮ್ಮನ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ತಮ್ಮನೇ ಚಿಲಕದ ಆಚೆ ಹೋಗುತ್ತಾನೆ.

"ಅವನು ಹೇಳ್ತಿರೋದು ನಿಜ ಡಾಕ್ಟ್ರೇ," ಎಂದಳು. "ಟೀಗೆ ಮಾತ್ರೆ ಹಾಕ್ತಿರೋದು ನಾನೇ."

ವೈದ್ಯೆಯ ಮುಖ ಕೆಂಪಾಯಿತು. ಮೊದಲೇ ಹೇಳಬೇಕಿತ್ತು ಎಂದರು. ನಾನೂ ಕೇಳಬೇಕಿತ್ತು ಎಂದು ತಾವೇ ಸೇರಿಸಿದರು. ಕಾಗದ ಹಿಂದಕ್ಕೆ ತೆಗೆದುಕೊಂಡರು. ನಿಮ್ಮ ಮಾತು ನಂಬದೆ ಮಾತ್ರೆ ಏರಿಸಿದ್ದು ನನ್ನ ತಪ್ಪು ಎಂದು ತಮ್ಮನಿಗೇ ನೇರವಾಗಿ ಹೇಳಿ, ಕೈ ಅಷ್ಟಾಗಿ ನಡುಗಿಸದ ಬೇರೆ ಮಾತ್ರೆಯಿದೆ, ತೆಗೆದುಕೊಳ್ಳುವುದು ಬಿಡುವುದು ನಾವಿಬ್ಬರೂ ಕೂತು ಮಾತಾಡೋಣ ಎಂದರು.

ಅವನು ಕೂಗಾಡಲಿಲ್ಲ. ಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡ. "ಟೀ ವಿಷಯ ನಿಜ ಅಂದ್ಮೇಲೆ ತಂತಿ ವಿಷಯಾನೂ ನಿಜ ಇರ್ಬೇಕಲ್ವಾ?"

"ಟೀಗೆ ನೀವು ಸಾಕ್ಷಿ ತಂದ್ರಿ," ಎಂದರು ವೈದ್ಯೆ. "ಹನ್ನೊಂದು ಕೋಟು ಬಿಚ್ಚಿದಾಗ ತಂತಿ ಸಿಕ್ತಾ?"

"ಸಿಗಲಿಲ್ಲ. ಅವತ್ತು ಅಕ್ಕ ತಂತಿ ಇಲ್ಲ ಕಣೋ ಅಂದಿದ್ಲು." ಅಕ್ಕನ ಕಡೆ ನೋಡದೆ ಮುಂದುವರಿಸಿದ. "ಟೀಲಿ ಏನೂ ಇಲ್ಲ ಅಂತಾನೂ ಅಂದಿದ್ಲು."

ಹೊಸ ಮಾತ್ರೆಯ ಚೀಟಿಯನ್ನು ಅವನೇ ಇಸಿದುಕೊಂಡ. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆ ನಡೆದ.

ಈಗ ಮಾತ್ರೆಯ ಡಬ್ಬಿ ಅವನ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಅವನ ಸೊಂಟದಲ್ಲಿ. ನುಂಗುತ್ತಾನೋ ಇಲ್ಲವೋ ಎಂದು ಕೇಳುವ ಬಾಯಿ ಅಕ್ಕನಿಗೆ ಉಳಿದಿಲ್ಲ. ಕತ್ತರಿ ಹಿಡಿದುಕೊಂಡೇ ಅವನ ಬೆರಳುಗಳನ್ನು ಕದ್ದು ನೋಡುತ್ತಾಳೆ. ಹಿಂದೆ ಅವು ನಡುಗಿದರೆ ಮಾತ್ರೆ ಒಳಗೆ ಹೋಗಿದೆ ಎಂದಾದರೂ ಗೊತ್ತಾಗುತ್ತಿತ್ತು. ಈಗ ಕೈ ನೆಟ್ಟಗಿದೆ. ಹೊಸ ಮಾತ್ರೆ ನುಂಗಿದ್ದಕ್ಕೋ, ನುಂಗದೇ ಬಿಟ್ಟಿದ್ದಕ್ಕೋ, ಅವಳಿಗೆ ಹೇಳುವವರಿಲ್ಲ.