ಬಾಗಿಲು ದಾಟದ ಮೇಜು

ಅಧ್ಯಕ್ಷೆಯಾಗಿ ವರ್ಷ ಒಂದು ಕಳೆದಿದ್ದರೂ ಸುಗುಣಳಿಗೆ ಪಂಚಾಯತಿ ಆಫೀಸಿನಲ್ಲಿ ಸಿಕ್ಕಿದ್ದ ಜಾಗ ಒಂದೇ: ನೀರಿನ ಹೂಜಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಅಲ್ಲಿದ್ದ ಒಂದೇ ದೊಡ್ಡ ಮೇಜು, ಅದರ ಹಿಂದಿನ ತಿರುಗುವ ಕುರ್ಚಿ, ಎರಡೂ ಉಪಾಧ್ಯಕ್ಷ ಭೋಜರಾಜರದ್ದು. ಹಿಂದಿನ ಅವಧಿಯಲ್ಲಿ ಅಧ್ಯಕ್ಷರಾಗಿದ್ದವರು ಅವರೇ. ೨೦೦೫ರಲ್ಲಿ ಆ ಸ್ಥಾನ ಮಹಿಳೆಗೆ ಮೀಸಲಾದಾಗ, ಕಡಲಕೇರಿಯಿಂದ ಉಪ್ಪುಂದಕ್ಕೆ ಬಸ್ಸಿನಲ್ಲಿ ಹೋಗಿ ಮೀನು ಮಾರುತ್ತಿದ್ದ, ಏಳನೇ ಕ್ಲಾಸು ಓದಿದ ಸುಗುಣಳನ್ನು ಹುಡುಕಿ ನಿಲ್ಲಿಸಿದವರೂ ಅವರೇ. ಸ್ಥಾನ ಬಿಟ್ಟುಕೊಟ್ಟರು, ಮೇಜು ಬಿಡಲಿಲ್ಲ. ಮೀನು ಮಾರುವ ಹೆಂಗಸಿಗೆ ಮೇಜು ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ ನಿಜ. ಹೇಳದೆ ನಡೆಸಿಕೊಂಡು ಹೋಗುವುದೇ ದೊಡ್ಡವರ ಜಾಣತನ.

ಫೈಲು ಬಂದರೆ ಮಡಿಲ ಮೇಲೆ ಇಟ್ಟುಕೊಂಡು ಸೈನು ಹಾಕಬೇಕು. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತದೆ, ಶಾಯಿ ಸೀರೆಗೆ ತಾಗುತ್ತದೆ, "ಅಕ್ಕ, ಇಲ್ಲೊಂದ್, ಇಲ್ಲೊಂದ್" ಎಂದು ಕಾರ್ಯದರ್ಶಿಯ ಬೆರಳು ಓಡುತ್ತದೆ. ಓದುವ ಮಾತೆಲ್ಲಿ ಬಂತು? ಹಾಗೆ ಹಾಕಿದ ಒಂದು ಸೈನಿನಿಂದ, ಅವಳದೇ ಕೇರಿಗೆ ಬರಬೇಕಿದ್ದ ನಳ್ಳಿ ನೀರಿನ ಪೈಪು ಭೋಜರಾಜರ ಹೊಸ ಮದುವೆ ಹಾಲಿನ ಕಡೆಗೆ ತಿರುಗಿತು. ಅದು ಅವಳಿಗೆ ಗೊತ್ತಾದದ್ದು ಬಾವಿಕಟ್ಟೆಯಲ್ಲಿ, ನೆರೆಮನೆಯ ಉಮಾವತಿಯ ಬಾಯಿಂದ.

"ನಮ್ ಬಾವಿ ನೀರ್ ಉಪ್ಪ್ ಅಂದೇಳಿ ನಿಂಗ್ ಓಟ್ ಹಾಕಿದ್ದ್. ನೀನ್ ಕಂಡ್ರೆ ಅವ್ರ್ ಹಾಲಿಗ್ ನೀರ್ ಬಿಟ್ಟೆ!" ಎಂದಳು ಉಮಾವತಿ.

ಸುಗುಣಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ನಾಚಿಕೆ ಹೋಗಿ ಸಿಟ್ಟು ಬಂತು. ಮಾರನೆಯ ದಿನ ಆಫೀಸಿಗೆ ಹೋದವಳು ಕೂರಲೇ ಇಲ್ಲ.

"ಪೈಪಿನ್ ಕೆಲ್ಸ ಶುರು ಮಾಡುಕೆ ನಂದ್ ಇನ್ನೊಂದ್ ಸೈನ್ ಬೇಕ್ ಅಲ್ದಾ?" ಎಂದಳು. "ಅದನ್ ಮೇಜಿನ್ ಮೇಲ್ ಇಟ್ಕಂಡ್ ಓದಿಯೇ ಹಾಕೂದ್. ಮಡ್ಲಲ್ಲ್ ಇನ್ ಹಾಕೂದಿಲ್ಲೆ."

ಭೋಜರಾಜರು ಮೀಸೆಯಡಿಯಲ್ಲಿ ನಕ್ಕರು. "ಮೇಜಿಗೆ ಅನುದಾನ ಬರ್ಕ್ ಅಕ್ಕಾ. ಅರ್ಜೆಂಟ್ ಇದ್ರೆ ನೀವೇ ಒಂದ್ ಮಾಡ್ಕಂಡ್ ಬನ್ನಿ."

ಇಡೀ ಆಫೀಸು ನಕ್ಕಿತು, ಜವಾನ ಗುಡ್ಡನೊಬ್ಬನನ್ನು ಬಿಟ್ಟು.

"ಆತ್ತ್. ಮಾಡ್ಕಂಡೇ ತತ್ತೆ," ಎಂದಳು ಸುಗುಣ.

ಅವಳು ಯಾರ ಮಗಳು ಎಂಬುದನ್ನು ಭೋಜರಾಜರು ಮರೆತಿದ್ದರು. ಅವಳ ಅಪ್ಪ ಸೂರ, ದೋಣಿ ಕಟ್ಟುವುದರಲ್ಲಿ ಹೆಸರು ಮಾಡಿದವನು. ಫೈಬರ್ ದೋಣಿಗಳು ಬಂದು ಅವನ ಕೆಲಸ ನಿಂತಿತ್ತು. ಕಣ್ಣಿಗೆ ಪೊರೆ ಬಂದು ಕೈಯೂ ನಿಂತಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಬಾಚಿ, ಉಳಿ, ಕೀಸುಳಿಗಳು ಗೋಣಿಯಲ್ಲಿ ಮಲಗಿದ್ದವು. ಒಡೆದ ಹಳೇ ದೋಣಿಯೊಂದರ ಹೆಬ್ಬಲಸಿನ ಹಲಗೆಗಳೂ ಅಲ್ಲೇ ಇದ್ದವು. ಸುಗುಣ ಗೋಣಿ ಬಿಚ್ಚಿದ ಸದ್ದಿಗೆ ಸೂರ ಒಳಗಿನಿಂದಲೇ ಕೂಗಿದ.

"ಹೆಣ್ಣ್ ಮಕ್ಳ್ ಉಳಿ ಮುಟ್ಟುಕಾಗ ಹೆಣೆ! ದೋಣಿ ಕೆಲ್ಸಕ್ಕೆ ಆಗಿ ಬಪ್ಪುದಿಲ್ಲೆ."

"ನಾ ದೋಣಿ ಮಾಡುದಲ್ಲ ಅಪ್ಪಯ್ಯ, ಮೇಜ್. ಮೇಜಿಗೆ ಯಾವ ಶಾಸ್ತ್ರ?"

ಸೂರ ಗೋಡೆ ಹಿಡಿದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಕೂತ. ಕೂತವನು ಸುಮ್ಮನಿರಬೇಕಲ್ಲ!

ಮೀನುಗಾರಿಕೆ ನಿಂತ ಮಳೆಗಾಲ. ಎರಡು ತಿಂಗಳು, ಮಧ್ಯಾಹ್ನದ ಗಂಜಿ ಆದಮೇಲೆ ಶೆಡ್ಡಿನಲ್ಲಿ ಠಕಠಕ. ಟೇಪು ಇರಲಿಲ್ಲ, ಸೂರನಿಗೆ ಅದು ಬೇಕೂ ಇರಲಿಲ್ಲ. "ಎರಡೂ ಕೈ ಚಾಚ್," ಎಂದ. ಅದು ಮೇಜಿನ ಉದ್ದ. ಎತ್ತರ ಅವಳ ಸೊಂಟಕ್ಕೆ. ಹಲಗೆಗೆ ಹಲಗೆ ಕೂಡಿಸಿ, ತಾಮ್ರದ ಮೊಳೆ ಹೊಡೆದು, ತುದಿ ಮಡಚಿ ಬಡಿಯಬೇಕು. ಮೊದಲ ವಾರ ಅವಳು ಮೊಳೆಗಿಂತ ಹೆಚ್ಚು ಬೆರಳಿಗೇ ಹೊಡೆದುಕೊಂಡಳು. ಗಂಡ ಶೀನ ಬಲೆ ನೇಯುತ್ತಾ, "ಸೈನ್ ಹಾಕುಕೆ ಬೆರ್ಳ್ ಉಳಿಸ್ಕೋ," ಎಂದು ಕೀಟಲೆ ಮಾಡಿದ. ಸೂರ ಅಂಗೈಯಿಂದ ಹಲಗೆ ಸವರಿ ನೋಡುತ್ತಿದ್ದ, "ಇಲ್ಲಿ ಉಬ್ಬ್ ಇತ್ತ್, ಕೀಸ್," ಎನ್ನುತ್ತಿದ್ದ. ಕೀಸಿದ್ದನ್ನು ಮತ್ತೆ ಕೀಸಿಸುತ್ತಿದ್ದ.

ಬಣ್ಣ ದೋಣಿಗೆ ಹಚ್ಚಿ ಮಿಕ್ಕಿದ್ದು: ನೀಲಿ, ಹಳದಿ, ಕೆಂಪು. ಅಪ್ಪ ಬೇಡವೆಂದರೂ ಕೇಳದೆ ಜಡಿಮಳೆಯ ದಿನವೇ ಮೊದಲ ಕೋಟು ಹೊಡೆದಳು. ಮೂರೇ ದಿನಕ್ಕೆ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದಿತು. ಅಷ್ಟನ್ನೂ ಕೆರೆದು, ಮರಳು ಕಾಗದದಿಂದ ತಿಕ್ಕಿ, ಬಿಸಿಲು ಬೀಳುವ ತನಕ ಕಾದು ಮತ್ತೆ ಹಚ್ಚಿದಳು. ಒಂದು ಕೋಟು, ತಿಕ್ಕುವುದು. ಇನ್ನೊಂದು ಕೋಟು, ಮತ್ತೆ ತಿಕ್ಕುವುದು. ಕಡೆಗೆ ನೀಲಿ ಮೈ, ಹಳದಿ ಪಟ್ಟಿ, ಕೆಂಪು ಕಾಲು. ಮುಂದಿನ ಹಲಗೆಯ ಮೇಲೆ, ದೋಣಿಗೆ ಹೆಸರು ಬರೆಯುವ ಹಾಗೆ, ಬಿಳಿಯ ದಪ್ಪ ಅಕ್ಷರದಲ್ಲಿ "ಅಧ್ಯಕ್ಷೆ" ಎಂದು ಬರೆದಳು. ಬರೆದು ದೂರ ನಿಂತು ನೋಡಿದಾಗ ಅವಳಿಗೆ ಅಳು ಬಂತು.

ಆಗಸ್ಟಿನ ಒಂದು ಸೋಮವಾರ ಶೀನನೂ ಕೇರಿಯ ಗಂಡಸರೂ ಮೇಜಿಗೆ ಬಿದಿರಿನ ಗಳು ಕಟ್ಟಿ ಹೆಗಲು ಕೊಟ್ಟರು. "ಐಸಾ! ಇನ್ನೊಂಚೂರ್ ಐಸಾ!" ಹಿಂದೆ ಕೊಡಪಾನ ಹಿಡಿದ ಹೆಂಗಸರು. ಮೆರವಣಿಗೆ ಪಂಚಾಯತಿಯ ಜಗಲಿ ಏರಿತು, ಬಾಗಿಲಿಗೆ ಬಂತು, ನಿಂತಿತು.

ಮೇಜು ಒಳಗೆ ಹೋಗಲಿಲ್ಲ. ನೇರ ಹಿಡಿದರು, ಅಡ್ಡ ಮಲಗಿಸಿದರು, ಓರೆ ಮಾಡಿದರು. ಹೇಗೆ ಮಾಡಿದರೂ ನಾಲ್ಕು ಬೆರಳು ಹೆಚ್ಚು. ದೋಣಿ ಕಟ್ಟುವವರು ಬಾಗಿಲು ಅಳೆಯುವುದಿಲ್ಲ, ಸಮುದ್ರಕ್ಕೆ ಬಾಗಿಲೆಲ್ಲಿದೆ? ಅಪ್ಪನಿಗೂ ಹೊಳೆದಿರಲಿಲ್ಲ, ಮಗಳಿಗೂ ಹೊಳೆದಿರಲಿಲ್ಲ.

ಒಳಗಿನಿಂದ ಭೋಜರಾಜರು ಕುರ್ಚಿ ತಿರುಗಿಸಿ ನೋಡಿದರು. "ಹಾಸ್ಗೆ ಇದ್ದಷ್ಟ್ ಕಾಲ್ ಚಾಚ್ಕ್ ಅಕ್ಕಾ. ಕಾಲ್ ಕೊಯ್ಸಿ, ಆಗ ಒಳ್ಗ್ ಬತ್ತ್."

ಯಾರೋ ಗರಗಸ ತರಲು ಹೊರಟೇಬಿಟ್ಟರು. ಸುಗುಣ ಮೇಜಿನ ಕೆಂಪು ಕಾಲನ್ನು ನೋಡಿದಳು, ಆ ಸಪೂರ ಬಾಗಿಲನ್ನು ನೋಡಿದಳು.

"ಯಾರೂ ಕಾಲ್ ಕೊಯ್ಕಂತಿಲ್ಲೆ," ಎಂದಳು. "ಇಲ್ಲೇ ಇಡಿ. ಜಗಲಿಯೂ ಪಂಚಾಯ್ತಿದೇ ಅಲ್ದಾ?"

ಜಗಲಿಯ ನಡುವೆ, ರಸ್ತೆಗೆ ಮುಖ ಮಾಡಿ ಮೇಜು ಇಟ್ಟರು. ಯಾರೂ ಹೇಳದೆಯೇ ಗುಡ್ಡ ಒಳಗಿನಿಂದ ಬೆಂಚು ತಂದುಕೊಟ್ಟ. ಸುಗುಣ ಕೂತು, ಎರಡೂ ಕೈ ಮೇಜಿನ ಮೇಲೆ ಊರಿದಳು. "ಹ್ವಾಯ್ ಗುಡ್ಡಣ್ಣ, ಆ ನೀರಿನ್ ಫೈಲ್ ಕೊಡಿ."

ಫೈಲು ಬಂತು. ಅವಳು ಅಕ್ಷರದ ಮೇಲೆ ಬೆರಳಿಟ್ಟು, ತಡವರಿಸುತ್ತಾ, ಗಟ್ಟಿಯಾಗಿ ಓದಿದಳು. ಒಳಗೆ ಕೂತಿದ್ದರೆ ನಾಲ್ಕು ಜನ ಕೇಳುತ್ತಿದ್ದರು. ಇಲ್ಲಿ ಜಗಲಿಯೇ ಕೇಳಿತು, ಬಸ್ಸಿಗೆ ಕಾಯುವವರೂ ಕೇಳಿದರು. ಮದುವೆ ಹಾಲಿನ ಹೆಸರು ಬಂದಾಗ ಉಮಾವತಿ ಕೊಡಪಾನವನ್ನು ನೆಲಕ್ಕೆ ಕುಕ್ಕಿದಳು. ಸುಗುಣ ಓದಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು. "ಇದ್ಕೆ ನಂದ್ ಸೈನ್ ಇಲ್ಲೆ. ಪೈಪ್ ಮೊದ್ಲಿನ್ ಹಾಗೆ ಕೇರಿಗ್ ಬರ್ಕ್."

ಒಳಗೆ ತಿರುಗುವ ಕುರ್ಚಿ ಕಿರುಗುಟ್ಟಿತು. ಸೈನು ಬೇಕಿದ್ದದ್ದು ಭೋಜರಾಜರಿಗೆ. ಸೈನು ಹಾಕುವವಳು ಹೊರಗೆ. ಕೊನೆಗೂ ಅವರೇ ಎದ್ದು ಬಾಗಿಲು ದಾಟಿ ಬಂದು, ಅಷ್ಟು ಜನರ ಎದುರು ಮೇಜಿನ ಮುಂದೆ ನಿಂತರು. "ಅಕ್ಕಾ, ಇದನ್ ಒಳ್ಗೆ ಕೂಕಂಡ್ ಮಾತಾಡ್ವ," ಎಂದರು ಮೆತ್ತಗೆ.

"ಇಲ್ಲೇ ಮಾತಾಡ್ವ ಭೋಜರಾಜಣ್ಣ, ನಿಂತ್ಕಂಡ್ ಎಂತಕೆ?" ಎನ್ನುತ್ತಾ ಸುಗುಣ ಗುಡ್ಡನ ಕಡೆ ತಿರುಗಿದಳು. "ಆ ಹೂಜಿ ಹತ್ರದ್ ಪ್ಲಾಸ್ಟಿಕ್ ಕುರ್ಚಿ ತಂದ್ ಕೊಡಿ ಅವ್ರಿಗೆ."