ಸಾಮಿಯಾ ಅಳಲಿಲ್ಲ

ಯಲ್ಲಾಪುರದ ಟೆಂಪೊ ಸ್ಟ್ಯಾಂಡಿನಲ್ಲಿ ಹನೀಫ್ ಎಂದರೆ ತಮಾಷೆಗಾರ. ಘಾಟಿಯಲ್ಲಿ ಗಾಡಿ ಕೆಟ್ಟು ನಿಂತರೂ ನಗುತ್ತಲೇ ಬಾನೆಟ್ ಎತ್ತುವ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸಾಮಿಯಾಳ ಜಡೆ ಹೆಣೆಯುವುದನ್ನೂ ಕಲಿತಿದ್ದ. ಆರು ವರ್ಷದ ಆ ಹುಡುಗಿಗೆ ಶಿರಸಿಯಲ್ಲಿ ಟಾನ್ಸಿಲ್ ಆಪರೇಷನ್ ಮಾಡಿಸಿ ಮನೆಗೆ ಕರೆತಂದ ಮೇಲೆ ಅವನ ನಗು ಎಲ್ಲಿ ಹೋಯಿತೋ.

ಮೊದಮೊದಲು ಚೆನ್ನಾಗಿಯೇ ಇದ್ದಳು, ಐಸ್‌ಕ್ರೀಮ್ ತಿಂದಳು. ಔಷಧಿ ಹೆಚ್ಚಾದರೆ ಕಿಡ್ನಿಗೆ ಕೆಟ್ಟದ್ದು ಎಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದು ಹನೀಫನ ತಲೆಯಲ್ಲಿ ಕೂತಿತ್ತು. ಅತ್ತರೆ ಕೊಟ್ಟರಾಯಿತು ಎಂದು ನೋವಿನ ಸಿರಪ್ಪನ್ನು ಕಪಾಟಿನ ಮೇಲಿಟ್ಟ.

ಸಾಮಿಯಾ ಅಳಲಿಲ್ಲ. ಮರುದಿನ ಬೆಳಿಗ್ಗೆಯಿಂದ ಮಾತೂ ಆಡಲಿಲ್ಲ. ನೀರು ಕೊಟ್ಟರೆ ತುಟಿ ಬಿಗಿದಳು. ಉಗುಳನ್ನೂ ನುಂಗದೆ ಟವೆಲ್ಲಿಗೆ ಬಿಡುತ್ತ ಗೋಡೆಗೆ ಮುಖ ಮಾಡಿ ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಿವಿ ಹಿಡಿದುಕೊಂಡು ಮುದುಡಿದಳು.

“ಕಿವಿಗೇನೋ ಆಗೈತಿ. ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಬಿಡ್ತೀನಿ,” ಎನ್ನುತ್ತ ಅವನ ತಾಯಿ ಬಿಸ್ಮಿಲ್ಲಾ ಬಿ ಎದ್ದರು.

“ಬ್ಯಾಡ ಅಮ್ಮೀ, ತಡಿ.”

ಬೆಳಿಗ್ಗೆಯಿಂದ ಮಗು ಉಚ್ಚೆಗೂ ಹೋಗಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಕೂಡಲೇ ಆಸ್ಪತ್ರೆಯ ವಾರ್ಡಿಗೆ ಫೋನ್ ಹಚ್ಚಿದ.

“ಬಾಯಲ್ಲಿ ರಕ್ತ ಏನಾರೂ ಬಂತಾ?” ನರ್ಸ್ ಅನುಶ್ರೀ ಮೊದಲು ಕೇಳಿದ್ದೇ ಅದು.

“ಇಲ್ಲ ಸಿಸ್ಟರ್. ಅಳ್ತಾನೂ ಇಲ್ಲ.”

“ಅತ್ರೆ ಗಂಟಲು ಮತ್ತೂ ನೋಯ್ತದೆ, ಅದ್ಕೇ ಸುಮ್ನಿದ್ದಾಳೆ. ಗಂಟಲಿನ ನೋವೇ ಕಿವಿಗೆ ಬರೋದು, ಅಲ್ಲಿ ಎಂತದೂ ಬಿಡಬೇಡಿ. ಡಾಕ್ಟ್ರು ಬರೆದಷ್ಟು ಸಿರಪ್ ಈಗ್ಲೇ ಕೊಡಿ. ಅಳೋದಕ್ಕೆ ಕಾಯ್ಬೇಡಿ, ಟೈಮಿಗೆ ಸರಿಯಾಗಿ ಕೊಡ್ತಾ ಇರಿ. ನೋವು ಇಳಿದ ಮೇಲೆ ತಣ್ಣೀರು ಕುಡಿಸಿ. ತಾಸಿನೊಳಗೆ ಕುಡೀಲಿಲ್ಲ ಅಂದ್ರೆ, ಇಲ್ಲಾ ರಕ್ತ ಕಂಡ್ರೆ, ಸೀದಾ ಕರ್ಕೊಂಡ್ ಬನ್ನಿ.”

ಸಿರಪ್ಪಿನ ಮೊದಲ ಗುಟುಕನ್ನು ಸಾಮಿಯಾ ಅರ್ಧ ಉಗುಳಿದಳು. ಹನೀಫ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಳಿದದ್ದನ್ನು ಹನಿಹನಿಯಾಗಿ ಕೊಟ್ಟ. ಟೆಂಪೊವನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಬಂದ. ಗಡಿಯಾರ ನೋಡಿದ, ಮಗಳ ಬಾಯಿ ನೋಡಿದ, ಮತ್ತೆ ಗಡಿಯಾರ ನೋಡಿದ. ಬಿಸ್ಮಿಲ್ಲಾ ಬಿ ಬಾಗಿಲಲ್ಲಿ ನಿಂತು ದುವಾ ಮಾಡುತ್ತಿದ್ದರು.

ಕೊನೆಗೆ ಮಗಳ ಕೈ ಕಿವಿಯಿಂದ ಇಳಿಯಿತು. ಅವನು ಹಿಡಿದ ಚಮಚದ ನೀರನ್ನು ಸಾಮಿಯಾ ಮುಖ ಕಿವುಚಿಕೊಂಡೇ ನುಂಗಿದಳು. ಇನ್ನೊಂದು. ಆಮೇಲೆ ಲೋಟವನ್ನೇ ಎಳೆದುಕೊಂಡಳು.

“ಅಬ್ಬಾ, ಇನ್ನೂ ಬೇಕು,” ಎಂದು ಅಪ್ಪನನ್ನು ಕರೆದು ಕೇಳಿದಳು.

ಹನೀಫ್ ಲೋಟವನ್ನು ಮತ್ತೆ ತುಂಬಿಸಿದ.

ಆಮೇಲೂ ಕೆಲವು ದಿನ ಅವನು ಬಾಡಿಗೆಗೆ ಹೋಗಲಿಲ್ಲ. ನಿದ್ದೆಯಲ್ಲಿದ್ದರೂ ಎಬ್ಬಿಸಿ ಔಷಧಿ ಕೊಟ್ಟ, ದಿಂಬಿನ ಮೇಲೆ ಕೆಂಪು ಕಲೆ ಇದೆಯೇ ಎಂದು ನೋಡಿದ. ಕಲೆ ಕಾಣಲೇ ಇಲ್ಲ. ಒಂದು ಬೆಳಿಗ್ಗೆ ಸಾಮಿಯಾ ಅನ್ನಕ್ಕೆ ಉಪ್ಪಿಲ್ಲ ಎಂದು ಅಜ್ಜಿಯ ಜೊತೆ ಜಗಳ ತೆಗೆದಾಗ, ಅವನು ಟೆಂಪೊದ ಕೀಲಿ ಹುಡುಕಿದ.